ಮೀಟರ್‌ನಿಂದ ಮೆಗಾಹರ್ಟ್ಸ್‌ಗೆ: ಹಳೇ ರೇಡಿಯೋ ಡಯಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಕನ್ನಡಿಗರ ಮನೆಗಳಲ್ಲಿ ಇನ್ನೂ ಎಷ್ಟೋ ಹಳೇ ರೇಡಿಯೋಗಳಿವೆ. ಅಟ್ಟದ ಮೇಲೆ, ಮಂಚದ ಕೆಳಗೆ, ಹೋಟೆಲ್ ಗಲ್ಲಾದ ಹಿಂದಿನ ಗೂಡಿನಲ್ಲಿ. ನನಗೆ ರೇಡಿಯೋ ಹುಚ್ಚು ಅಂತ ಗೊತ್ತಿರುವವರು ಮಾಟುಂಗಾದಲ್ಲಿ ಸಿಕ್ಕರೂ, ಡೊಂಬಿವಲಿ ಲೋಕಲ್‌ನಲ್ಲಿ ಸಿಕ್ಕರೂ ಕೇಳುವುದು ಒಂದೇ ಮಾತು: "ಡಯಲ್ ಮೇಲೆ 25, 31, 41 ಅಂತ ಇದೆ. ಹೊಸ ರೇಡಿಯೋದಲ್ಲಿ ಆ ನಂಬರೇ ಇಲ್ಲ. ಸೆಟ್ ಕೆಟ್ಟಿದೆಯಾ?" ಕೆಟ್ಟಿಲ್ಲ. ಅದು ಮೀಟರ್ ಲೆಕ್ಕದಲ್ಲಿ ಹೇಳುತ್ತಿದೆ, ನಾವು ಮೆಗಾಹರ್ಟ್ಸ್ ಲೆಕ್ಕದಲ್ಲಿ ಹುಡುಕುತ್ತಿದ್ದೇವೆ. ನಂಬರ್ ಹೊಂದಲಿಲ್ಲ ಅಂತ ಚೆನ್ನಾಗಿರುವ ಸೆಟ್ಟನ್ನು ಭಂಗಾರ್‌ನವನಿಗೆ (ಗುಜರಿಯವನಿಗೆ) ತೂಕಕ್ಕೆ ಹಾಕಿದ್ದನ್ನು ನೋಡಿದ್ದೇನೆ. ಆಗ ಬಹಳ ಸಂಕಟವಾಗುತ್ತದೆ. ಅದಕ್ಕೇ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿ ಬರೆದಿದ್ದೇನೆ.

ಮೊದಲು ಲೆಕ್ಕ ಹೇಳಿಬಿಡಿ. ಮೀಟರನ್ನು ಮೆಗಾಹರ್ಟ್ಸ್ ಮಾಡುವುದು ಹೇಗೆ?

300ನ್ನು ಮೀಟರ್‌ನಿಂದ ಭಾಗಿಸಿ. ಬಂದದ್ದು ಮೆಗಾಹರ್ಟ್ಸ್.

ಡಯಲ್‌ನಲ್ಲಿ 25 ಮೀಟರ್ ಇದ್ದರೆ, 300ನ್ನು 25ರಿಂದ ಭಾಗಿಸಿದರೆ 12. ಅಂದರೆ 12 ಮೆಗಾಹರ್ಟ್ಸ್. ವಾಪಸ್ ಬರುವುದಕ್ಕೂ ಇದೇ ದಾರಿ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. ಎಫ್‌ಎಂನ 100 ಮೆಗಾಹರ್ಟ್ಸ್ ಅಂದರೆ 3 ಮೀಟರ್. ಮೀಡಿಯಂ ವೇವ್‌ಗೆ ಕಿಲೋಹರ್ಟ್ಸ್ ಬೇಕು. ಅಲ್ಲಿ 300ರ ಬದಲು 3,00,000 ಹಿಡಿಯಿರಿ. 500 ಮೀಟರ್ ಅಂದರೆ 600 ಕಿಲೋಹರ್ಟ್ಸ್.

ಈ 300 ಎಲ್ಲಿಂದ ಬಂತು?

ರೇಡಿಯೋ ಅಲೆ ಬೆಳಕಿನ ವೇಗದಲ್ಲೇ ಓಡುತ್ತದೆ. ಸೆಕೆಂಡಿಗೆ 29,97,92,458 ಮೀಟರ್. ಸುಲಭಕ್ಕೆ 30 ಕೋಟಿ ಮೀಟರ್ ಅನ್ನಿ. ಒಂದು ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ 10 ಲಕ್ಷ ಅಲೆ. 30 ಕೋಟಿಯನ್ನು 10 ಲಕ್ಷದಿಂದ ಭಾಗಿಸಿದರೆ 300. ಅಲ್ಲಿಂದ ಬಂತು.

ನಮ್ಮ ಲೋಕಲ್ ಟ್ರೇನನ್ನೇ ನೆನಪಿಸಿಕೊಳ್ಳಿ. ಪ್ಲಾಟ್‌ಫಾರ್ಮ್ ಮೇಲೆ ನಿಂತಿದ್ದೀರಿ, ಫಾಸ್ಟ್ ಗಾಡಿ ನಿಲ್ಲದೆ ಹೋಗುತ್ತಿದೆ. ಒಂದು ಡಬ್ಬಿ ಸುಮಾರು 20 ಮೀಟರ್ ಉದ್ದ. ಗಾಡಿ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಸರಿಯಾಗಿ 20 ಮೀಟರ್ ಸಾಗುತ್ತದೆ. ನಿಮ್ಮ ಮುಂದೆ ಸೆಕೆಂಡಿಗೆ ಒಂದು ಡಬ್ಬಿ ದಾಟುತ್ತದೆ. ಅದೇ ವೇಗದಲ್ಲಿ 10 ಮೀಟರ್ ಉದ್ದದ ಡಬ್ಬಿಗಳು ಬಂದರೆ? ಸೆಕೆಂಡಿಗೆ ಎರಡು. 5 ಮೀಟರ್‌ನವು ಬಂದರೆ ನಾಲ್ಕು. ಡಬ್ಬಿಯ ಉದ್ದವೇ ಮೀಟರ್ ಲೆಕ್ಕ. ಸೆಕೆಂಡಿಗೆ ಎಷ್ಟು ಡಬ್ಬಿ ದಾಟಿದವು ಅನ್ನುವುದೇ ಹರ್ಟ್ಸ್. ಎರಡನ್ನೂ ಗುಣಿಸಿದರೆ ಯಾವಾಗಲೂ ಗಾಡಿಯ ವೇಗವೇ ಬರಬೇಕು. ಗಾಳಿಯಲ್ಲಿ ಬರುವ ರೇಡಿಯೋ ಅಲೆಗೆ ಆ ವೇಗ ಬದಲಾಗುವುದಿಲ್ಲ. ಹಾಗಾಗಿ ಒಂದು ಗೊತ್ತಿದ್ದರೆ ಇನ್ನೊಂದು ತಾನಾಗಿ ಗೊತ್ತಾಗುತ್ತದೆ.

ತರಂಗಾಂತರ ಅಂದರೆ ಮೀಟರೋ, ಮೆಗಾಹರ್ಟ್ಸೋ?

ಈ ಗೊಂದಲ ನಮ್ಮ ಕನ್ನಡದ್ದೇ. ಶಾಲೆಯ ಪುಸ್ತಕದಲ್ಲಿ ಅಲೆಯ ಉದ್ದಕ್ಕೆ ತರಂಗದೂರ ಅಂತ ಇರುತ್ತದೆ, ಸೆಕೆಂಡಿಗೆ ಎಷ್ಟು ಅಲೆ ಅನ್ನುವುದಕ್ಕೆ ಆವೃತ್ತಿ ಅಂತ. ಆದರೆ ರೇಡಿಯೋ ಕೇಳಿ ಬೆಳೆದವರ ಬಾಯಲ್ಲಿ ತರಂಗಾಂತರ ಎರಡಕ್ಕೂ ಬರುತ್ತದೆ. 2ಜಿ ಗಲಾಟೆಯ ದಿನಗಳಲ್ಲಿ ಪತ್ರಿಕೆಗಳು ಸ್ಪೆಕ್ಟ್ರಮ್‌ಗೂ ತರಂಗಾಂತರ ಅಂತಲೇ ಬರೆದವು. ಒಂದೇ ಪದಕ್ಕೆ ಮೂರು ಕೆಲಸ!

ಪದದ ಜಗಳಕ್ಕೆ ಹೋಗಬೇಡಿ, ಜೊತೆಗಿರುವ ಅಳತೆ ನೋಡಿ. ಮೀಟರ್, ಸೆಂಟಿಮೀಟರ್ ಇದ್ದರೆ ಅಲೆಯ ಉದ್ದ. ಹರ್ಟ್ಸ್ ಇದ್ದರೆ ಫ್ರೀಕ್ವೆನ್ಸಿ. ನಾನಿಲ್ಲಿ ಮೀಟರ್, ಫ್ರೀಕ್ವೆನ್ಸಿ ಅಂತಲೇ ಬರೆಯುತ್ತೇನೆ.

ಹಿಂದೆ ಎಲ್ಲರೂ ಮೀಟರ್ ಅಂತಲೇ ಯಾಕೆ ಹೇಳುತ್ತಿದ್ದರು?

ಶುರುವಿನ ದಿನಗಳಲ್ಲಿ ಅಲೆಯ ಉದ್ದ ಅಳೆಯುವುದೇ ಸುಲಭವಾಗಿತ್ತು. ಸೆಕೆಂಡಿಗೆ ಲಕ್ಷಗಟ್ಟಲೆ ಏರಿಳಿತವನ್ನು ಎಣಿಸುವ ಯಂತ್ರ ಆಗ ಇರಲಿಲ್ಲ. ಆಂಟೆನಾ ಎಷ್ಟುದ್ದ ಕಟ್ಟಬೇಕು ಅನ್ನುವುದಕ್ಕೂ ಮೀಟರೇ ಬೇಕಾಗಿತ್ತು. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಬಾಂಬೆ ಸ್ಟೇಷನ್ 1927ರ ಜುಲೈ 23ರಂದು ಶುರುವಾಯಿತು. ಆ ಕಾಲದ ಕೇಳುಗರಿಗೆ ಸ್ಟೇಷನ್ನಿನ ವಿಳಾಸ ಅಂದರೆ ಮೀಟರ್. ಸ್ಟೇಷನ್‌ಗಳು ಜಾಸ್ತಿಯಾಗಿ ಒತ್ತೊತ್ತಾಗಿ ಬಂದಮೇಲೆ ಮೀಟರ್ ಲೆಕ್ಕ ಕಷ್ಟವಾಯಿತು. 25.42, 25.43 ಅಂತ ದಶಾಂಶ ಹಿಡಿದು ಕೂರಬೇಕು. ಫ್ರೀಕ್ವೆನ್ಸಿಯಲ್ಲಿ ಆದರೆ ಸಮ ಅಂತರದ ಮನೆ ನಂಬರ್ ಕೊಟ್ಟ ಹಾಗೆ.

ನಮ್ಮ ಸೆಟ್‌ನಲ್ಲಿ ಕೆ.ಸಿ., ಎಂ.ಸಿ. ಅಂತ ಇದೆ. ಅದೇನು?

ಕಿಲೋಸೈಕಲ್, ಮೆಗಾಸೈಕಲ್. ಕಿಲೋಹರ್ಟ್ಸ್, ಮೆಗಾಹರ್ಟ್ಸ್‌ಗಳ ಹಳೇ ಹೆಸರು. 1960ರಲ್ಲಿ ಅಂತಾರಾಷ್ಟ್ರೀಯ ಅಳತೆ ಪದ್ಧತಿಯಲ್ಲಿ ಹರ್ಟ್ಸ್ ಅನ್ನುವ ಹೆಸರು ಸೇರಿತು. 1880ರ ದಶಕದಲ್ಲಿ ರೇಡಿಯೋ ಅಲೆ ಇದೆ ಅಂತ ಪ್ರಯೋಗದಲ್ಲಿ ತೋರಿಸಿದ ಹೈನ್‌ರಿಶ್ ಹರ್ಟ್ಸ್ ನೆನಪಿಗೆ ಇಟ್ಟ ಹೆಸರು. ಲೆಕ್ಕ ಏನೂ ಬದಲಿಲ್ಲ.

25 ಮೀಟರ್ ಅಂದರೆ 12 ಮೆಗಾಹರ್ಟ್ಸ್ ಅಂದಿರಿ. ಆದರೆ ಸ್ಟೇಷನ್ 11.8ರಲ್ಲಿ ಸಿಗುತ್ತದಲ್ಲ?

ಒಳ್ಳೇ ಪ್ರಶ್ನೆ. ಶಾರ್ಟ್‌ವೇವ್‌ನಲ್ಲಿ 25 ಮೀಟರ್ ಅನ್ನುವುದು ಒಂದು ಮನೆಯಲ್ಲ, ಒಂದು ಗಲ್ಲಿ. ಅದಕ್ಕೇ ಬ್ಯಾಂಡ್ ಅನ್ನುವುದು. ಆ ಗಲ್ಲಿ 11.6ರಿಂದ 12.1 ಮೆಗಾಹರ್ಟ್ಸ್‌ವರೆಗೆ ಚಾಚಿಕೊಂಡಿದೆ. ಅದೇ ರೀತಿ 49 ಮೀಟರ್ ಗಲ್ಲಿ 5.9ರಿಂದ 6.2ರವರೆಗೆ, 41 ಮೀಟರ್ 7.2ರಿಂದ 7.45ರವರೆಗೆ, 31 ಮೀಟರ್ 9.4ರಿಂದ 9.9ರವರೆಗೆ. 19 ಮೀಟರ್ 15.1ರಿಂದ 15.8ರ ತನಕ, 16 ಮೀಟರ್ 17.5ರಿಂದ 17.9ರ ತನಕ ಅಂತ ನೆನಪಿಟ್ಟುಕೊಂಡರೆ ಸಾಕು.

ಡಿಜಿಟಲ್ ಸೆಟ್‌ನಲ್ಲಿ ಹುಡುಕುವಾಗ ಗಲ್ಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ 5 ಕಿಲೋಹರ್ಟ್ಸ್‌ನಂತೆ ಹೆಜ್ಜೆ ಇಡಿ. ರೇಡಿಯೋ ಸಿಲೋನ್ ಕೇಳಿದವರಿಗೆ 25 ಮತ್ತು 41 ಮೀಟರ್ ಬ್ಯಾಂಡ್ ಮರೆಯುವುದಿಲ್ಲ. ಅಲ್ಲಿನ ಹೆಸರಾಂತ ಅನೌನ್ಸರ್ ಅಮೀನ್ ಸಯಾನಿ ಅವರ ದನಿ ಇಲ್ಲೇ ಮುಂಬೈಯಲ್ಲಿ ರೆಕಾರ್ಡ್ ಆಗಿ, ಕೊಲಂಬೋಗೆ ಹೋಗಿ, ಅಲ್ಲಿಂದ ಶಾರ್ಟ್‌ವೇವ್ ಹತ್ತಿ ಮತ್ತೆ ಮುಂಬೈಗೇ ಬರುತ್ತಿತ್ತು. ಈಗ ನೆನೆಸಿಕೊಂಡರೂ ನನಗೆ ಆಶ್ಚರ್ಯವಾಗುತ್ತದೆ.

300 ಸಾಕಾ? 299.792 ಹಿಡಿಯಬೇಕಾ?

ಬ್ಯಾಂಡ್ ಹುಡುಕುವುದಕ್ಕೆ, ಆಂಟೆನಾ ವೈರ್ ಕತ್ತರಿಸುವುದಕ್ಕೆ 300 ಧಾರಾಳ ಸಾಕು. ಒಂದು ನಿರ್ದಿಷ್ಟ ಸ್ಟೇಷನ್ ಬೇಕಾದರೆ ಸಾಲದು. ಇದು ನನಗೆ ಗೊತ್ತಾದದ್ದು ಅಪ್ಪನ ನೋಟ್‌ಬುಕ್‌ನಿಂದ.

ಅಪ್ಪ ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗಲೇ ಬಾಂಬೆಗೆ ಬಂದು ಹೋಟೆಲ್ ಸೇರಿದವರು. ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಲೆಕ್ಕ ಕಲಿತವರು. ಗಲ್ಲಾದಲ್ಲಿ ಕೂರುವ ಕಾಲಕ್ಕೆ ಅವರ ತಲೆಯ ಮೇಲೆ ಹಲಗೆಯಲ್ಲಿ ಒಂದು ದೊಡ್ಡ ವಾಲ್ವ್ ರೇಡಿಯೋ ಇತ್ತು. ಆನ್ ಮಾಡಿದರೆ ಬಿಸಿಯಾಗಲು ಅರ್ಧ ನಿಮಿಷ ಬೇಕು. ಆಮೇಲೆ ಗಾಜಿನ ಹಿಂದೆ ಹಳದಿ ಬೆಳಕು, ಅದರೊಳಗೆ ಕೆಂಪು ಕಡ್ಡಿ. ಸಿಕ್ಕ ಸ್ಟೇಷನ್ನಿನ ಮೀಟರನ್ನು ಅಪ್ಪ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು. ಅನೌನ್ಸರ್ ಹೇಳಿದ ದಶಾಂಶ ಸಮೇತ. ಒಂದು ಸಾಲು: "25.42, ಸಂಜೆ, ಚೊಕ್ಕ."

ಅವರು ಹೋದಮೇಲೆ ಆ ನೋಟ್‌ಬುಕ್ ನನ್ನ ಕೈಗೆ ಬಂತು. 300ನ್ನು 25.42ರಿಂದ ಭಾಗಿಸಿದೆ. 11.80 ಬಂತು. ಡಿಜಿಟಲ್ ಸೆಟ್‌ನಲ್ಲಿ ಅದನ್ನೇ ಕಿಲೋಹರ್ಟ್ಸ್ ಮಾಡಿ 11800 ಒತ್ತಿ ಎಷ್ಟೋ ಸಂಜೆ ಕೂತೆ. ಏನೂ ಇಲ್ಲ. ಆಮೇಲೊಂದು ದಿನ 299.792 ಇಟ್ಟು ಭಾಗಿಸಿದೆ. 11.7935 ಬಂತು. ಶಾರ್ಟ್‌ವೇವ್ ಸ್ಟೇಷನ್‌ಗಳು ಸಾಮಾನ್ಯವಾಗಿ 5ರ ಗುಣಕದಲ್ಲಿ ಇರುತ್ತವೆ. ಹತ್ತಿರದ್ದು 11795. ತಾಳೆ ನೋಡಿದೆ: 299.792ನ್ನು 11.795ರಿಂದ ಭಾಗಿಸಿದರೆ 25.417, ಅಂದರೆ 25.42. ಅಪ್ಪನ ಪೆನ್ಸಿಲ್ ಸರಿ ಇತ್ತು. ನಾನು ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದೆ.

300 ಮತ್ತು 299.792ರ ನಡುವಿನ ವ್ಯತ್ಯಾಸ ಸಾವಿರಕ್ಕೆ ಒಂದೂ ಇಲ್ಲ. ಆದರೆ 12 ಮೆಗಾಹರ್ಟ್ಸ್ ಹತ್ತಿರ ಅದು 8 ಕಿಲೋಹರ್ಟ್ಸ್ ಆಗುತ್ತದೆ. ಒಂದು ಸ್ಟೇಷನ್ ದಾಟಿಹೋಗಲು ಅಷ್ಟು ಸಾಕು. ನಿಮ್ಮ ಮನೆಯಲ್ಲೂ ಇಂಥ ನೋಟ್‌ಬುಕ್ ಇದ್ದರೆ ದಯವಿಟ್ಟು ಜೋಪಾನ ಮಾಡಿ.

ಮೀಡಿಯಂ ವೇವ್‌ನಲ್ಲಿ ನನ್ನ ಲೆಕ್ಕ ಸರಿ ಬಂತಾ ಅಂತ ನೋಡುವುದು ಹೇಗೆ?

ಇದಕ್ಕೊಂದು ಚೆಂದದ ಉಪಾಯ ಇದೆ. 1978ರಿಂದ ನಮ್ಮ ಕಡೆ ಮೀಡಿಯಂ ವೇವ್ ಸ್ಟೇಷನ್‌ಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಇಟ್ಟಿದ್ದಾರೆ. ಫ್ರೀಕ್ವೆನ್ಸಿ ಯಾವಾಗಲೂ 9ರ ಮಗ್ಗಿಯಲ್ಲಿ ಇರುತ್ತದೆ. ಅಂದರೆ ಅಂಕಿಗಳನ್ನು ಕೂಡಿದರೆ 9 ಅಥವಾ 18 ಅಥವಾ 27 ಬರಬೇಕು.

ಮುಂಬೈಯ 558 ನೋಡಿ: 5, 5, 8 ಕೂಡಿದರೆ 18. ಮುಂಬೈಯ 1044: 9. ವಿವಿಧ ಭಾರತಿಯ 1188: 18. ಬೆಂಗಳೂರಿನ 612: 9. ಧಾರವಾಡದ 765: 18. ಮಂಗಳೂರಿನ 1089: 18. ಎಲ್ಲವೂ ಕೂತುಕೊಳ್ಳುತ್ತವೆ.

ಈಗ ನಿಮ್ಮ ಡಯಲ್‌ನಲ್ಲಿ ಕಡ್ಡಿ 287 ಮೀಟರ್ ಹತ್ತಿರ ಇದೆ ಅಂದುಕೊಳ್ಳಿ. 2,99,792ನ್ನು 287ರಿಂದ ಭಾಗಿಸಿದರೆ 1044.6. 9ರ ಮಗ್ಗಿಯಲ್ಲಿ ಹತ್ತಿರದ್ದು 1044. ಅದೇ ನಿಮ್ಮ ಸ್ಟೇಷನ್. 252 ಮೀಟರ್‌ಗೆ 1189.7 ಬರುತ್ತದೆ, ಹತ್ತಿರದ್ದು 1188. ನಾನು ಇದನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ, ಆಟದ ಹಾಗೆ ಮಾಡುತ್ತಾರೆ.

ಶಾರ್ಟ್‌ವೇವ್‌ಗೂ ಎಫ್‌ಎಂಗೂ ಈ 9ರ ಉಪಾಯ ನಡೆಯುವುದಿಲ್ಲ.

ಡಯಲ್‌ನ ಒಂದು ತುದಿಯಲ್ಲಿ ಸ್ಟೇಷನ್‌ಗಳು ಒತ್ತೊತ್ತಾಗಿ ಯಾಕಿವೆ?

ಮೀಟರ್ ಸಮವಾಗಿ ಇಳಿದರೆ ಫ್ರೀಕ್ವೆನ್ಸಿ ಸಮವಾಗಿ ಏರುವುದಿಲ್ಲ. 49ರಿಂದ 41ಕ್ಕೆ ಬಂದರೆ 8 ಮೀಟರ್ ಇಳಿದ ಹಾಗೆ, ಆದರೆ ಫ್ರೀಕ್ವೆನ್ಸಿ ಏರುವುದು 1.2 ಮೆಗಾಹರ್ಟ್ಸ್ ಮಾತ್ರ. 19ರಿಂದ 16ಕ್ಕೆ ಬರೀ 3 ಮೀಟರ್, ಆದರೆ ಸುಮಾರು 3 ಮೆಗಾಹರ್ಟ್ಸ್ ದಾಟಿಬಿಡುತ್ತೀರಿ. ಅದಕ್ಕೇ ಚಿಕ್ಕ ಮೀಟರ್ ಕಡೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸ್ಟೇಷನ್ ಹಾರಿಹೋಗುತ್ತದೆ.

ಧಾರವಾಡ ಸ್ಟೇಷನ್ ಮುಂಬೈಯಲ್ಲಿ ರಾತ್ರಿ ಮಾತ್ರ ಯಾಕೆ ಕೇಳಿಸುತ್ತಿತ್ತು?

ನಮ್ಮ ಬಿಲ್ಡಿಂಗಿನಲ್ಲಿ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರಿದ್ದರು. ರಾತ್ರಿ ಊಟ ಮುಗಿಸಿ ರೇಡಿಯೋವನ್ನು ಕಿಟಕಿಗೆ ಒರಗಿಸಿ 765 ಹಿಡಿಯುತ್ತಿದ್ದರು. ಗಂಟಲು ಕಟ್ಟಿದವರ ಹಾಗೆ ದನಿ ಏರಿಳಿಯುತ್ತಿತ್ತು. "ಯಾಕ್ರೀ, ನಮ್ಮ ಧಾರವಾಡ ಹಗಲೊತ್ತು ಎಲ್ಲಿ ಹೋಗ್ತೈತಿ?" ಅಂತ ಕೇಳುತ್ತಿದ್ದರು.

ಹೋಗುವುದು ಆಕಾಶದಲ್ಲೇ. ಹಗಲಿನಲ್ಲಿ ಬಿಸಿಲಿನಿಂದ ಮೇಲೊಂದು ಪದರ ಹುಟ್ಟುತ್ತದೆ. ಅದು ಮೀಡಿಯಂ ವೇವ್ ಅಲೆಗಳನ್ನು ಹೀರಿಬಿಡುತ್ತದೆ. ಆಗ ನೆಲ ಹಿಡಿದು ಬರುವ ಅಲೆ ಮಾತ್ರ ಉಳಿಯುತ್ತದೆ, ದೂರ ಬಂದಷ್ಟೂ ಅದು ಸೊರಗುತ್ತದೆ. ಕತ್ತಲಾದಮೇಲೆ ಆ ಪದರ ಕರಗುತ್ತದೆ. ಅಲೆ ಇನ್ನೂ ಮೇಲಕ್ಕೆ ಹೋಗಿ, ಅಲ್ಲಿನ ಪದರಕ್ಕೆ ತಾಗಿ ಕೆಳಗೆ ಬಾಗುತ್ತದೆ.

ಇಲ್ಲೂ ಮೀಟರ್ ಲೆಕ್ಕ ಹಾಕಿ ನೋಡಿ, ಖುಷಿಯಾಗುತ್ತದೆ. 765 ಕಿಲೋಹರ್ಟ್ಸ್ ಅಂದರೆ 392 ಮೀಟರ್. ಮುಂಬೈಗೂ ಧಾರವಾಡಕ್ಕೂ ನೇರ ಗೆರೆ ಎಳೆದರೆ ಸುಮಾರು 460 ಕಿಲೋಮೀಟರ್. ನಡುವೆ ಹೆಚ್ಚುಕಮ್ಮಿ 1,170 ಅಲೆಗಳು ಸಾಲಾಗಿ ನಿಂತ ಹಾಗೆ. ಅಜ್ಜಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತು, "ಅಷ್ಟs ಏನ್ರೀ?" ಅಂದರು.

ಎಫ್‌ಎಂಗೆ ವೈರ್ ಕಟ್ಟಬೇಕು. ಎಷ್ಟು ಉದ್ದ?

ಅಲೆಯ ಅರ್ಧ ಉದ್ದ. ಅದರಲ್ಲೂ ನೂರಕ್ಕೆ 5ರಷ್ಟು ಕಮ್ಮಿ. ವೈರ್‌ನ ತುದಿಗಳ ಪ್ರಭಾವದಿಂದ ಅದು ಇರುವುದಕ್ಕಿಂತ ಸ್ವಲ್ಪ ಉದ್ದವಾಗಿರುವ ಹಾಗೆ ಕೆಲಸ ಮಾಡುತ್ತದೆ, ಅದಕ್ಕೇ ಈ ಕಡಿತ. 98.3 ಮೆಗಾಹರ್ಟ್ಸ್ ಬೇಕಾದರೆ ಅಲೆ 3.05 ಮೀಟರ್, ಅರ್ಧ 1.52, ಕಡಿತ ಮಾಡಿದರೆ 1.45 ಮೀಟರ್. ನಡುವೆ ಕತ್ತರಿಸಿ ಎರಡು ಕೈ ಮಾಡಿದರೆ ಒಂದೊಂದು ಸುಮಾರು 72 ಸೆಂಟಿಮೀಟರ್. ಇದೇ ವೈರ್ 91ರಿಂದ 107ರವರೆಗಿನ ಎಲ್ಲ ಸ್ಟೇಷನ್‌ಗೂ ನಡೆಯುತ್ತದೆ. ಎಳೆದು ಉದ್ದ ಮಾಡುವ ಕಡ್ಡಿ ಆಂಟೆನಾ ಇದ್ದರೆ ಕಾಲು ಅಲೆ, ಅಂದರೆ ಮುಕ್ಕಾಲು ಮೀಟರ್ ಹತ್ತಿರ ಇಡಿ. ಪೂರ್ತಿ ಎಳೆದರೆ ಯಾವಾಗಲೂ ಜಾಸ್ತಿ ಸಿಗುತ್ತದೆ ಅನ್ನುವುದು ತಪ್ಪು.

ಕಿಟಕಿಯ ಕಬ್ಬಿಣದ ಗ್ರಿಲ್ ರೇಡಿಯೋಗೆ ಅಡ್ಡಿಯಾ?

ಅಡ್ಡಿಯೇ. ಮುಂಬೈಯಲ್ಲಿ ಗ್ರಿಲ್ ಇಲ್ಲದ ಕಿಟಕಿ ಸಿಗುವುದು ಅಪರೂಪ ಅಲ್ವಾ? ನಮ್ಮ ಕಣ್ಣಿಗೆ ಅದು ಬರೀ ಕಂಡಿ, ಗಾಳಿ ಬೆಳಕು ಧಾರಾಳ ಬರುತ್ತದೆ. ಆದರೆ 3 ಮೀಟರ್ ಉದ್ದದ ಅಲೆಗೆ ಅಂಗೈ ಅಗಲದ ಕಂಡಿ ಕಂಡಿಯೇ ಅಲ್ಲ. ಪೂರ್ತಿ ತಡೆಯದಿದ್ದರೂ ಬಲ ಇಳಿಸುತ್ತದೆ. ಆಂಟೆನಾ ವೈರನ್ನು ಗ್ರಿಲ್‌ನ ಹೊರಗೆ ಇಳಿಬಿಡಿ. ಕಬ್ಬಿಣಕ್ಕೆ ತಾಗದಂತೆ ನೋಡಿಕೊಳ್ಳಿ.

ಇದೇ ಗುಣವನ್ನು ಒಳ್ಳೇ ಕೆಲಸಕ್ಕೆ ಬಳಸಿಕೊಂಡಿದ್ದನ್ನು ನೋಡಬೇಕಾದರೆ ಪುಣೆಯ ಉತ್ತರಕ್ಕೆ, ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಹೋಗಿ. ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಜಿಎಂಆರ್‌ಟಿ (ಜೈಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪ್) ರೇಡಿಯೋ ದೂರದರ್ಶಕ ಅಲ್ಲಿದೆ. 30 ತಟ್ಟೆಗಳು, ಒಂದೊಂದೂ 45 ಮೀಟರ್ ಅಗಲ. ಹತ್ತಿರ ಹೋಗಿ ನೋಡಿದರೆ ತಟ್ಟೆ ತಗಡಿನದ್ದಲ್ಲ, ತೆಳು ಸ್ಟೀಲ್ ತಂತಿಯ ಜಾಲರಿ. ಅದರ ಕಂಡಿ 1ರಿಂದ 2 ಸೆಂಟಿಮೀಟರ್. ಅದರ ಮೂಲಕ ಮೋಡ ಕಾಣಿಸುತ್ತದೆ, ಗಾಳಿ ದಾಟಿಹೋಗುತ್ತದೆ. ಆದರೆ 2 ಮೀಟರ್ ಅಲೆಗೆ ಅದು ಗಟ್ಟಿ ಕನ್ನಡಿ. ಗಾಳಿ ತಡೆಯದೆ ಇರುವುದರಿಂದ ಅಷ್ಟು ದೊಡ್ಡ ತಟ್ಟೆಯನ್ನು ಹಗುರವಾಗಿ, ಕಮ್ಮಿ ಖರ್ಚಿನಲ್ಲಿ ಕಟ್ಟಲು ಆಯಿತು. ಅದರ ಹೆಸರಿನಲ್ಲೇ ಮೀಟರ್‌ವೇವ್ ಅಂತ ಇದೆ ನೋಡಿ. 150 ಮೆಗಾಹರ್ಟ್ಸ್ ಅಂದರೆ 2 ಮೀಟರ್, ಅಲ್ಲಿಂದ ಹಿಡಿದು 21 ಸೆಂಟಿಮೀಟರ್ ತನಕ ಅದು ಆಲಿಸುತ್ತದೆ. 21 ಸೆಂಟಿಮೀಟರ್ ಅಂದರೆ 1420 ಮೆಗಾಹರ್ಟ್ಸ್. ಆಕಾಶದ ಹೈಡ್ರೋಜನ್ ಹೊರಡಿಸುವ ಅಲೆ ಅದು.

ಕೇಬಲ್ ಒಳಗೂ ಇದೇ ಲೆಕ್ಕವಾ?

ಅಲ್ಲ. ಕೇಬಲ್ ಒಳಗೆ ಅಲೆ ನಿಧಾನವಾಗುತ್ತದೆ. ಸೆಕೆಂಡಿಗೆ ದಾಟುವ ಅಲೆಗಳ ಸಂಖ್ಯೆ ಅಷ್ಟೇ ಇರುತ್ತದೆ, ಒಂದೊಂದರ ಉದ್ದ ಕಮ್ಮಿಯಾಗುತ್ತದೆ. ಆರ್‌ಜಿ 58 ಥರದ ಕೇಬಲ್‌ನಲ್ಲಿ ವೇಗ ಬೆಳಕಿನ ವೇಗದ ನೂರಕ್ಕೆ 66ರಷ್ಟು. ಲ್ಯಾಮಿಂಗ್ಟನ್ ರೋಡ್‌ನಿಂದ ಕೇಬಲ್ ತಂದು 145 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ತುಂಡು ಬೇಕು ಅಂತ ನಾನು 52 ಸೆಂಟಿಮೀಟರ್ ಕತ್ತರಿಸಿದ್ದೆ. ಬೇಕಾಗಿದ್ದದ್ದು 34. ಕೇಬಲ್ ಕೊಳ್ಳುವಾಗ ಅದರ ವೆಲಾಸಿಟಿ ಫ್ಯಾಕ್ಟರ್, ಅಂದರೆ ಈ ವೇಗದ ಪ್ರಮಾಣ, ಎಷ್ಟು ಅಂತ ಅಂಗಡಿಯಲ್ಲಿ ಕೇಳಿ ಬರೆದುಕೊಳ್ಳಿ.

ಹ್ಯಾಮ್‌ನವರು 2 ಮೀಟರ್, 40 ಮೀಟರ್ ಅನ್ನುತ್ತಾರಲ್ಲ?

ಹ್ಯಾಮ್‌ನವರು ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಪರಸ್ಪರ ಮಾತಾಡುವವರು. ಅವರು ಹಳೇ ರೂಢಿ ಬಿಟ್ಟಿಲ್ಲ. 2 ಮೀಟರ್ ಅಂದರೆ 144ರಿಂದ 146 ಮೆಗಾಹರ್ಟ್ಸ್. 40 ಮೀಟರ್ ಅಂದರೆ 7 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ, 20 ಮೀಟರ್ ಅಂದರೆ 14ರಿಂದ ಮೇಲಕ್ಕೆ. ಮಾತಾಡಬೇಕಾದರೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಲೈಸೆನ್ಸ್ ತೆಗೆದುಕೊಳ್ಳಬೇಕು. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು.

ಮೊಬೈಲ್, ವೈಫೈಗೂ ಇದೇನಾ?

ಇದೇ. ಗಿಗಾಹರ್ಟ್ಸ್ ಇದ್ದರೆ 30ನ್ನು ಅದರಿಂದ ಭಾಗಿಸಿ, ಸೆಂಟಿಮೀಟರ್ ಬರುತ್ತದೆ. 2.4 ಗಿಗಾಹರ್ಟ್ಸ್ ವೈಫೈ 12.5 ಸೆಂಟಿಮೀಟರ್.

ನಮ್ಮ ಹಳೇ ಸೆಟ್‌ನ ಡಯಲ್ ಸರಿ ತೋರಿಸುತ್ತಿದೆಯಾ ಅಂತ ತಿಳಿಯುವುದು ಹೇಗೆ?

ಪಕ್ಕದಲ್ಲಿ ಒಂದು ಡಿಜಿಟಲ್ ರೇಡಿಯೋ ಇಟ್ಟುಕೊಳ್ಳಿ. ಅದರಲ್ಲಿ ಚೆನ್ನಾಗಿ ಸಿಗುವ ಒಂದು ಮೀಡಿಯಂ ವೇವ್ ಸ್ಟೇಷನ್ ಹಿಡಿಯಿರಿ. ಮನೆಯೊಳಗೆ ಗೊರಗೊರ ಜಾಸ್ತಿ ಇದ್ದರೆ ಎಲ್‌ಇಡಿ ಬಲ್ಬ್, ಚಾರ್ಜರ್ ಎಲ್ಲ ಆರಿಸಿ ನೋಡಿ. ಆಮೇಲೆ ಹಳೇ ಸೆಟ್‌ನಲ್ಲೂ ಅದೇ ಕಾರ್ಯಕ್ರಮ ಬರುವವರೆಗೆ ಗುಂಡಿ ತಿರುಗಿಸಿ. ಸ್ಟೇಷನ್ 558 ಆಗಿದ್ದರೆ ಕಡ್ಡಿ 537 ಮೀಟರ್ ಹತ್ತಿರ ನಿಲ್ಲಬೇಕು, 1044 ಆಗಿದ್ದರೆ 287 ಹತ್ತಿರ.

ತುಂಬ ಆಚೀಚೆ ನಿಂತರೆ ಸಾಮಾನ್ಯವಾಗಿ ಕಡ್ಡಿಯನ್ನು ಎಳೆಯುವ ದಾರದ ಮೇಲೆ ಕಡ್ಡಿ ಜಾರಿರುತ್ತದೆ. ಸೆಟ್ ಬಿಚ್ಚುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಒಂದಷ್ಟು ಹೊತ್ತು ಬಿಡಿ. ವಾಲ್ವ್ ಸೆಟ್‌ಗಳ ಒಳಗೆ ಪ್ಲಗ್ ಕಿತ್ತಮೇಲೂ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ಕೆಲವು ಹಳೇ ಸೆಟ್‌ಗಳ ಲೋಹದ ತಳಕ್ಕೇ ನೇರ ಕರೆಂಟ್ ಇರುತ್ತದೆ. ಅಭ್ಯಾಸ ಇಲ್ಲದಿದ್ದರೆ ಹಳೇ ರೇಡಿಯೋ ರಿಪೇರಿಯವರ ಹತ್ತಿರವೇ ಕೊಡಿ. "ಕಡ್ಡಿ ಮಾತ್ರ 537ಕ್ಕೆ ತನ್ನಿ, ಒಳಗಿನ ಟ್ರಿಮ್ಮರ್ ಮುಟ್ಟಬೇಡಿ" ಅಂತ ಹೇಳಿ. ಟ್ರಿಮ್ಮರ್ ಅಂದರೆ ಟ್ಯೂನಿಂಗ್ ಹೊಂದಿಸುವ ಪುಟ್ಟ ತಿರುಪು. ಗಾಜು ಒರೆಸುವಾಗ ಒಳಬದಿಗೆ ನೀರು ಹಾಕಬೇಡಿ, ಮೀಟರ್ ಅಂಕಿಗಳು ಆ ಬದಿಯಲ್ಲೇ ಅಚ್ಚಾಗಿರುತ್ತವೆ. ಒಣ ಬಟ್ಟೆಯಲ್ಲಿ ಹೊರಬದಿ ಮಾತ್ರ ಒರೆಸಿ.